ಬಸ್ಸಿಗಷ್ಟೇ ತೆರೆದ ಕಾಡುದಾರಿ

ಕಾಡಿನ ನಡುವಣ ರಸ್ತೆಯಲ್ಲಿ ವಾಹನಸಂಚಾರಕ್ಕೆ ಮಿತಿ ಬೇಕೆಂದು ಯಾರಾದರೂ ಹೇಳಿದೊಡನೆ, ಹಾಗಾದರೆ ಜನರು ಕಾಡಿಗೆ ಕಾಲಿಡಲೇಬಾರದೇ ಎಂಬ ಪ್ರಶ್ನೆ ಎದುರಾಗುತ್ತದೆ. ಜನರನ್ನು ತಡೆಯುವುದು ಬೇರೆ, ವಾಹನಗಳನ್ನು ತಡೆಯುವುದು ಬೇರೆ. ಈ ವ್ಯತ್ಯಾಸವನ್ನು ಅರಿಯಲು ಭೂಮಿಯ ಉತ್ತರದಂಚಿನ ಅಲಾಸ್ಕದಲ್ಲಿ ಒಂದು ದಿನದ ಬಸ್ ಪ್ರಯಾಣವನ್ನು ಗಮನಿಸಬಹುದು.

ಪ್ರಯಾಣದ ಮೊದಲ ಊರು ಆಂಕರೇಜ್. ಸುಮಾರು 2.9 ಲಕ್ಷ ಜನರಿರುವ ಈ ನಗರದಲ್ಲಿಯೂ ಕಾಡು ದೂರವಿಲ್ಲ. ಕಡವೆಗಿಂತ ದೊಡ್ಡದಾದ ಮೂಸ್ ಎಂಬ ಪ್ರಾಣಿಗಳು ಬೀದಿಗಳಲ್ಲಿ, ಮನೆಗಳ ಹಿತ್ತಿಲಲ್ಲಿ ಅಡ್ಡಾಡುತ್ತವೆ; ರಸ್ತೆ ದಾಟುವಾಗ ವಾಹನಗಳಿಗೆ ಸಿಕ್ಕಿ ಸಾಯುತ್ತವೆ. ಅಲ್ಲಿಂದ ಬಸ್ಸು ಉತ್ತರಕ್ಕೆ ಹೆದ್ದಾರಿಯಲ್ಲಿ ಸುಮಾರು 380 ಕಿಲೋಮೀಟರ್ ಸಾಗಿದರೆ ಡೆನಾಲಿ ರಾಷ್ಟ್ರೀಯ ಉದ್ಯಾನದ ಬಾಗಿಲು. ಜೂನ್ ತಿಂಗಳಲ್ಲಿ ಅಲ್ಲಿ ಹಗಲು ಸುಮಾರು 20 ತಾಸು ಇರುವುದರಿಂದ, ಮಧ್ಯಾಹ್ನ ತಲುಪಿದವರಿಗೂ ಕಾಡಿನ ಬಸ್ಸು ಹತ್ತಲು ಬೆಳಕು ಉಳಿದಿರುತ್ತದೆ.

1917ರಲ್ಲಿ ಸ್ಥಾಪಿತವಾದ ಈ ಉದ್ಯಾನವನ್ನು 1980ರಲ್ಲಿ ವಿಸ್ತರಿಸಲಾಯಿತು. ಇಂದು ಅದರ ವ್ಯಾಪ್ತಿ ಸುಮಾರು 24,500 ಚದರ ಕಿಲೋಮೀಟರ್. ಇಷ್ಟು ದೊಡ್ಡ ಪ್ರದೇಶದೊಳಗೆ ಸಾಗುವ ಪ್ರಮುಖ ರಸ್ತೆ ಒಂದೇ. 148 ಕಿಲೋಮೀಟರ್ ಉದ್ದದ ಈ ರಸ್ತೆಯಲ್ಲಿ ಮೊದಲ 24 ಕಿಲೋಮೀಟರಿಗೆ ಮಾತ್ರ ಡಾಂಬರು. ಉಳಿದದ್ದೆಲ್ಲ ಜಲ್ಲಿಯ ಹಾದಿ. ಡಾಂಬರು ಮುಗಿಯುವಲ್ಲಿಯೇ ಪ್ರವಾಸಿಗರ ಸ್ವಂತ ಕಾರುಗಳೂ ನಿಲ್ಲಬೇಕು. ಮುಂದಿನದು ಬಸ್ಸಿನ ದಾರಿ. ನಡೆದು ಇಲ್ಲವೇ ಸೈಕಲ್ಲಿನಲ್ಲಿ ಹೋಗುವವರಿಗೂ ಅಡ್ಡಿಯಿಲ್ಲ.

ಈ ನಿಯಮ ಜಾರಿಗೆ ಬಂದದ್ದು 1972ರಲ್ಲಿ. ಆಂಕರೇಜ್ ಹಾಗೂ ಫೇರ್‌ಬ್ಯಾಂಕ್ಸ್ ನಗರಗಳನ್ನು ಜೋಡಿಸುವ ಹೆದ್ದಾರಿ ಆಗಷ್ಟೇ ಪೂರ್ಣಗೊಂಡಿತ್ತು. ಕಾರುಗಳ ಸಾಲು ಕಾಡಿನೊಳಗೆ ನುಗ್ಗುವುದು ಖಚಿತವಾಗಿತ್ತು. ಅದಕ್ಕೂ ಮೊದಲು, 1960ರ ದಶಕದಲ್ಲಿ, ಈ ರಸ್ತೆಯನ್ನು ಅಗಲಗೊಳಿಸುವ ಯತ್ನ ನಡೆದಾಗ ತೋಳಗಳ ಅಧ್ಯಯನಕ್ಕೆ ಹೆಸರಾದ ವಿಜ್ಞಾನಿ ಅಡಾಲ್ಫ್ ಮ್ಯೂರಿ ಅದನ್ನು ಬಲವಾಗಿ ವಿರೋಧಿಸಿದ್ದರು. ಕೊನೆಗೆ ರಸ್ತೆಯನ್ನು ಹಿಗ್ಗಿಸುವ ಬದಲು ವಾಹನಗಳನ್ನು ಕುಗ್ಗಿಸುವ ಮಾರ್ಗವನ್ನು ಆರಿಸಿಕೊಳ್ಳಲಾಯಿತು.

ಈ ಬಸ್ಸುಗಳು ಐಷಾರಾಮದವಲ್ಲ. ಶಾಲಾ ಬಸ್ಸುಗಳ ಮಾದರಿಯವು. ಪ್ರಾಣಿ ಕಂಡವರು ಕೂಗಿ ಹೇಳಿದರೆ ಚಾಲಕ ನಿಲ್ಲಿಸುತ್ತಾನೆ. ಬಳಿಕ ಎಲ್ಲರೂ ದನಿ ತಗ್ಗಿಸಬೇಕು, ಕೈ ಹೊರಚಾಚಬಾರದು. ಗ್ರಿಜ್ಲಿ ಕರಡಿ, ಕ್ಯಾರಿಬೂ ಜಿಂಕೆ, ಇಳಿಜಾರಿನ ಬಿಳಿಯ ಡಾಲ್ ಕಾಡುಕುರಿಗಳನ್ನು ಸಿರಿವಂತನೂ ವಿದ್ಯಾರ್ಥಿಯೂ ಒಂದೇ ಬಗೆಯ ಸೀಟಿನಿಂದ ನೋಡುತ್ತಾರೆ. ಬಯಸಿದವರು ನಡುದಾರಿಯಲ್ಲಿ ಇಳಿದು ನಡೆದಾಡಿ, ಸ್ಥಳವಿರುವ ಮತ್ತೊಂದು ಬಸ್ಸಿನಲ್ಲಿ ಮರಳಬಹುದು.

ಬಸ್ಸುಗಳಿಗೂ ಲೆಕ್ಕವುಂಟು. 1986ರ ಯೋಜನೆಯು ಋತುವೊಂದಕ್ಕೆ 10,512 ವಾಹನಯಾನಗಳ ಮಿತಿ ಹಾಕಿತ್ತು. 2012ರ ಯೋಜನೆ ದಿನಕ್ಕೆ ಗರಿಷ್ಠ 160 ವಾಹನಗಳೆಂದು ನಿಗದಿಪಡಿಸಿತು. ಕಾಡುಕುರಿಗಳು ರಸ್ತೆ ದಾಟುವ ತಾಣಗಳಲ್ಲಿ ಪ್ರತಿ ಗಂಟೆಗೆ 10 ನಿಮಿಷವಾದರೂ ವಾಹನವಿಲ್ಲದ ಬಿಡುವು ಇರಬೇಕೆಂಬ ಗುರಿಯೂ ಅದರಲ್ಲಿತ್ತು. ಕುರಿಯ ಅನುಕೂಲಕ್ಕೆ ಬಸ್ಸಿನ ವೇಳಾಪಟ್ಟಿ ಹೊಂದಿಕೊಳ್ಳಬೇಕೆಂಬ ಈ ಆಲೋಚನೆ ಸಣ್ಣದಲ್ಲ.

ಆದರೆ ಡೆನಾಲಿಯನ್ನು ಆದರ್ಶವೆಂದು ಕಣ್ಣುಮುಚ್ಚಿ ಹೊಗಳುವಂತಿಲ್ಲ. ಅಲ್ಲಿಗೆ ಬರುವ ಬಹುಮಂದಿ ವಿಮಾನ, ಹಡಗುಗಳಲ್ಲಿ ಇಂಧನ ಸುಟ್ಟೇ ಬರುತ್ತಾರೆ. ಅದರ ಫಲವನ್ನು ಆ ರಸ್ತೆಯೇ ಉಣ್ಣುತ್ತಿದೆ. ರಸ್ತೆಯ ನಡುಭಾಗದ ಪ್ರೆಟಿ ರಾಕ್ಸ್ ಎಂಬಲ್ಲಿ, ಯುಗಯುಗಗಳಿಂದ ಹೆಪ್ಪುಗಟ್ಟಿದ್ದ ನೆಲ ತಾಪ ಏರಿದಂತೆ ಕರಗತೊಡಗಿತು. 2014ಕ್ಕೆ ಮೊದಲು ವರ್ಷಕ್ಕೆ ಕೆಲವು ಅಂಗುಲವಷ್ಟೇ ಜಾರುತ್ತಿದ್ದ ಮಣ್ಣು 2021ರ ವೇಳೆಗೆ ಗಂಟೆಗೆ ಅರ್ಧ ಅಂಗುಲಕ್ಕೂ ಮಿಕ್ಕಿ ಜಾರಿತು. ಆ ವರ್ಷದ ಆಗಸ್ಟ್‌ನಲ್ಲಿ ರಸ್ತೆಯನ್ನು ಅಲ್ಲಿಯೇ ಮುಚ್ಚಬೇಕಾಯಿತು. 2023ರಲ್ಲಿ ಸೇತುವೆಯ ಕಾಮಗಾರಿ ಆರಂಭವಾಯಿತು. ಕಾರನ್ನು ಬಾಗಿಲಲ್ಲಿ ತಡೆಯಬಹುದು, ಬಿಸಿಗಾಳಿಯನ್ನು ತಡೆಯಲಾಗದು.

ಮಲೆನಾಡಿಗೂ ಈ ಪ್ರಶ್ನೆ ಹೊಸದಲ್ಲ. 2009ರಿಂದ ಬಂಡೀಪುರದ ಹೆದ್ದಾರಿಗಳಲ್ಲಿ ರಾತ್ರಿ 9ರಿಂದ ಬೆಳಗಿನ 6ರವರೆಗೆ ಸಂಚಾರ ನಿಷೇಧ ಜಾರಿಗೆ ಬಂದಾಗ, ಆಂಬುಲೆನ್ಸ್ ಹಾಗೂ ಬೆರಳೆಣಿಕೆಯ ಬಸ್ಸುಗಳಿಗೆ ಅವಕಾಶ ಉಳಿಯಿತು. ಮಿತಿ ಹಾಕಿಯೂ ಜನರ ಅಗತ್ಯ ನೋಡಿಕೊಳ್ಳಬಹುದೆಂಬುದಕ್ಕೆ ಇದು ಹತ್ತಿರದ ಸಾಕ್ಷಿ. ಇನ್ನೊಂದೆಡೆ, 2024ರ ಜುಲೈ 16ರಂದು ಉತ್ತರ ಕನ್ನಡದ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಕುಸಿದು ಜನ ಪ್ರಾಣ ತೆತ್ತರು. ಗುಡ್ಡ ಕಡಿದು ರಸ್ತೆ ಹಿಗ್ಗಿಸುವುದರ ಬೆಲೆಯೇನೆಂಬ ಪ್ರಶ್ನೆಯನ್ನು ಆ ದುರಂತ ಎತ್ತಿತು.

ಡೆನಾಲಿಯ ನಿಯಮವನ್ನು ಹಾಗೆಯೇ ತಂದು ಇಲ್ಲಿ ಹೇರಲಾಗದು. ಅಲ್ಲಿನದು ಬಹುಮಟ್ಟಿಗೆ ಪ್ರವಾಸಿಗರ ರಸ್ತೆ. ಘಟ್ಟದ ರಸ್ತೆಯಾದರೋ ಶಾಲೆಗೆ, ಆಸ್ಪತ್ರೆಗೆ, ಅಡಿಕೆ ಮಂಡಿಗೆ ಹೋಗುವ ರಸ್ತೆ. ಹಳ್ಳಿಗರ ಸಂಚಾರಕ್ಕೆ ಮೊದಲ ಹಕ್ಕು ಸಲ್ಲಬೇಕು. ವಾರಾಂತ್ಯದಲ್ಲಿ ಜಲಪಾತ, ಬೆಟ್ಟದ ತುದಿಗಳಿಗೆ ಸಾಲುಗಟ್ಟುವ ಕಾರುಗಳಿಗೆ ಆ ಹಕ್ಕಿಲ್ಲ. ಅವುಗಳನ್ನು ಬುಡದ ಊರಿನಲ್ಲಿಯೇ ನಿಲ್ಲಿಸಿ, ಪ್ರವಾಸಿಗರನ್ನು ಬಸ್ಸಿನಲ್ಲಿ ಒಯ್ಯುವುದು ಅಸಾಧ್ಯದ ಮಾತಲ್ಲ. ರಸ್ತೆ ಅಗಲೀಕರಣದ ಪ್ರಸ್ತಾವ ಮುಂದಿನ ಬಾರಿ ಗ್ರಾಮಸಭೆಗೆ ಬಂದಾಗ, ಅಲ್ಲಿ ಓಡುವ ವಾಹನಗಳೆಷ್ಟು, ಅವುಗಳಲ್ಲಿ ಊರಿನವು ಎಷ್ಟು, ಎಷ್ಟು ಬಸ್ಸುಗಳು ಆ ಕೆಲಸ ಮಾಡಬಲ್ಲವು ಎಂಬ ಲೆಕ್ಕವನ್ನು ಮೊದಲು ಕೇಳಬೇಕು. ಆ ಲೆಕ್ಕ ಕೈಸೇರುವವರೆಗೆ ಮರಕ್ಕೆ ಕೊಡಲಿ ಹಾಕಲು ಒಪ್ಪಿಗೆ ಕೊಡಬಾರದು.