ಟಿಕ್ ಹಾಕಿದ್ದು ನಾವು, ಅಳಿಸಿದ್ದು ಯಾರು?

ಬಿಕಾಂ ಓದೋಳಿಗೆ ವೆಬ್‌ಸೈಟ್ ಉಸಾಬರಿ ಯಾಕೆ ಅಂತ ಕೇಳೋರು ಸ್ವಲ್ಪ ತಾಳಿ. ಇದು ಕೋಡಿಂಗ್ ಪೋಸ್ಟ್ ಅಲ್ಲ ಕಣ್ರೋ, ಲೆಕ್ಕದ ಪೋಸ್ಟ್.

ಆಡಿಟಿಂಗ್ ಪೇಪರ್‌ನಲ್ಲಿ ಓದಿದ್ದು ನೆನಪಿದ್ಯಾ? ವೋಚಿಂಗ್ ಮಾಡುವಾಗ ಆಡಿಟರ್ ಒಂದು ಎಂಟ್ರಿ ಪಕ್ಕ ಟಿಕ್ ಹಾಕಿದ್ರೆ "ಇದರ ವೋಚರ್ ನಾನು ನೋಡಿದೀನಿ" ಅಂತ ಅರ್ಥ. ಆಮೇಲೆ ಯಾರಾದ್ರೂ ಆ ಅಂಕಿ ತಿದ್ದಿದ್ರೆ ಟಿಕ್‌ಗೆ ಮೂರು ಕಾಸಿನ ಬೆಲೆ ಇಲ್ಲ. ವೆಬ್ ಫಾರ್ಮ್‌ನಲ್ಲಿ ನಾವು ಹಾಕೋ ಟಿಕ್‌ಗೂ ಅಷ್ಟೇ ಮರ್ಯಾದೆ ಸಿಗಬೇಕು ಅನ್ನೋದು ನನ್ನ ವಾದ. ಅದರಲ್ಲೂ ಪಟ್ಟಿಯೇ ಬದಲಾಗೋ ಫಾರ್ಮ್‌ಗಳಲ್ಲಿ. ಅಂದ್ರೆ ಮೇಲೆ ಕೋರ್ಸ್ ಆರಿಸಿದ ತಕ್ಷಣ ಕೆಳಗೆ ಅದಕ್ಕೆ ತಕ್ಕ ಸಬ್ಜೆಕ್ಟ್‌ಗಳು ಚೆಕ್‌ಬಾಕ್ಸ್ ಸಮೇತ ಬಂದು ಕೂರ್ತವಲ್ಲ, ಅಂಥವು.

ನಮ್ಮಲ್ಲಿ ತುಂಬಾ ಜನಕ್ಕೆ ಗೊತ್ತಿಲ್ಲದ ಒಂದು ವಿಷಯ ಇದೆ. ಟಿಕ್ ಹಾಕದ ಬಾಕ್ಸ್ ಬಗ್ಗೆ ಬ್ರೌಸರ್ ಸರ್ವರ್‌ಗೆ ಏನನ್ನೂ ಕಳಿಸಲ್ಲ. "ಬೇಡ" ಅಂತಾನೂ ಹೇಳಲ್ಲ, ಸುಮ್ಮನೆ ಬಿಟ್ಟುಬಿಡುತ್ತೆ. ಬಂದವರ ಹೆಸರು ಮಾತ್ರ ಬರೆಯೋ ಅಟೆಂಡೆನ್ಸ್ ಬುಕ್ ಅಂದ್ಕೊಳ್ಳಿ. ಬಂಕ್ ಹೊಡೆದವನಿಗೂ, ಆ ಕ್ಲಾಸ್‌ಗೆ ಸೇರೇ ಇಲ್ಲದವನಿಗೂ ಅದರಲ್ಲಿ ವ್ಯತ್ಯಾಸ ಕಾಣಲ್ಲ. ನಾನು ಬೇಡ ಅಂದಿದ್ದು, ನೆಟ್ ಸ್ಲೋ ಆಗಿ ಪಟ್ಟಿ ಲೋಡ್ ಆಗದೇ ಇದ್ದಿದ್ದು, ಟಿಕ್ ಹಾಕಿದ ಮೇಲೆ ಪಟ್ಟಿ ರಿಫ್ರೆಶ್ ಆಗಿ ಹಾರಿಹೋಗಿದ್ದು, ಮೂರೂ ಸರ್ವರ್‌ಗೆ ಒಂದೇ ಥರ.

ನನ್ನ ಫ್ರೆಂಡ್ ಒಬ್ಬಳಿಗೆ ಆಗಿದ್ದು ಈ ಮೂರನೇದು. ಓಪನ್ ಎಲೆಕ್ಟಿವ್ ಫಾರ್ಮ್‌ನಲ್ಲಿ ಎರಡು ಆಯ್ಕೆಗೆ ಟಿಕ್ ಹಾಕಿದ್ಲು. ಆಮೇಲೆ ಮೇಲಿನ ಡ್ರಾಪ್‌ಡೌನ್‌ನಲ್ಲಿ ಬೇರೆ ಕೋರ್ಸ್‌ಗೆ ಏನಿದೆ ಅಂತ ಒಮ್ಮೆ ಇಣುಕಿ ವಾಪಸ್ ಬಂದ್ಲು. ಪಟ್ಟಿ ವಾಪಸ್ ಬಂತು, ಟಿಕ್ ಬರ್ಲಿಲ್ಲ. ಮೊಬೈಲ್ ಪರದೆಯಲ್ಲಿ ಸಬ್‌ಮಿಟ್ ಬಟನ್ ಕೆಳಗೆ, ಪಟ್ಟಿ ಮೇಲೆ. ಅವಳ ಕಣ್ಣಿಗೆ ಬೀಳಲೇ ಇಲ್ಲ. ಫಾರ್ಮ್ "ಸಕ್ಸಸ್‌ಫುಲ್" ಅಂತು, ಸೀಟು ಉಳಿದಿದ್ದ ಯಾವುದೋ ಪೇಪರ್ ಅವಳ ತಲೆಗೆ ಬಂತು. ಆಫೀಸಲ್ಲಿ ಕೇಳಿದ್ರೆ "ನೀನು ಸೆಲೆಕ್ಟೇ ಮಾಡಿಲ್ಲಮ್ಮ" ಅಂದ್ರು. ಅವರ ಕಂಪ್ಯೂಟರ್ ಪ್ರಕಾರ ಅದು ನಿಜ ಕೂಡ! ಒಂದು ಇಡೀ ಸೆಮಿಸ್ಟರ್ ಇಷ್ಟವಿಲ್ಲದ ಪೇಪರ್ ಓದಿದ್ಲು.

(ಕ್ಯಾಪ್ಷನ್ ಜಾಗ ಮುಗೀತು, ಮುಂದಿನ ಪೋಸ್ಟ್‌ಗೆ ಬನ್ನಿ)

ಈಗ ದುಡ್ಡಿನ ವಿಷಯ. ಫೆಸ್ಟ್‌ಗೆ ಫುಡ್ ಕೂಪನ್ ಫಾರ್ಮ್ ಇದೆ ಅಂದ್ಕೊಳ್ಳಿ. ಇಡ್ಲಿ, ವಡೆ, ದೋಸೆ. ಪ್ರತಿಯೊಂದರ ಮುಂದೆ ಒಂದು ಚೆಕ್‌ಬಾಕ್ಸ್, ಪಕ್ಕದಲ್ಲಿ ಎಷ್ಟು ಬೇಕು ಅಂತ ತುಂಬೋ ಜಾಗ. ನೀವು ಇಡ್ಲಿಗೆ ಟಿಕ್ ಹಾಕಿ 2 ಅಂತ ಬರೆದ್ರಿ, ವಡೆ ಬಿಟ್ರಿ, ದೋಸೆಗೆ ಟಿಕ್ ಹಾಕಿ 3 ಅಂತ ಬರೆದ್ರಿ. ಸರ್ವರ್‌ಗೆ ಹೋಗೋ ಟಿಕ್ ಎರಡೇ: ಇಡ್ಲಿ, ದೋಸೆ. ಆದರೆ ಸಂಖ್ಯೆಯ ಜಾಗ ಖಾಲಿ ಇದ್ರೂ ಹೋಗುತ್ತೆ, ಹಾಗಾಗಿ ಮೂರು: 2, ಖಾಲಿ, 3. ಮಾಡಿದವರು ಬರೀ ಸಾಲಿನ ಕ್ರಮ ನೋಡಿ ಜೋಡಿಸಿದ್ರೆ ಇಡ್ಲಿ 2 ಸರಿ, ದೋಸೆಗೆ ಖಾಲಿ. ಆ 3 ಅನಾಥ. ಲೆಡ್ಜರ್‌ನಲ್ಲಿ ರಮೇಶನ ಅಕೌಂಟ್‌ದು ಸುರೇಶನಿಗೆ ಪೋಸ್ಟ್ ಆದ ಹಾಗೆ. ಪರಿಹಾರ ನಮಗೆ ಗೊತ್ತಿರೋದೇ: ಪ್ರತಿ ಐಟಂಗೆ ಒಂದು ಕೋಡ್ ಕೊಡಿ, ಟಿಕ್‌ಗೂ ಸಂಖ್ಯೆಗೂ ಅದೇ ಕೋಡ್ ಅಂಟಿಸಿ. ನಾಳೆ ಪಟ್ಟಿಗೆ ಪೂರಿ ಸೇರಿದ್ರೂ ದೋಸೆ ದೋಸೆಯಾಗೇ ಇರುತ್ತೆ.

ಇನ್ನೂ ಎರಡು ತಮಾಷೆ ಇವೆ. ಕಡ್ಡಾಯ ಸಬ್ಜೆಕ್ಟ್‌ಗೆ ಮೊದಲೇ ಟಿಕ್ ಹಾಕಿ, ಯಾರೂ ಮುಟ್ಟಬಾರದು ಅಂತ ಬಾಕ್ಸನ್ನ ಡಿಸೇಬಲ್ ಮಾಡಿ ಬೂದು ಬಣ್ಣದಲ್ಲಿ ಇಟ್ಟಿರ್ತಾರಲ್ಲ, ಅದರ ಟಿಕ್ ಕೂಡ ಸರ್ವರ್‌ಗೆ ಹೋಗಲ್ಲ. ಕಣ್ಣಿಗೆ ಕಾಣುತ್ತೆ, ಲೆಕ್ಕಕ್ಕಿಲ್ಲ. ಇದರ ಉಲ್ಟಾನೂ ಇದೆ. ಹಳೇ ಪಟ್ಟಿಯನ್ನ ತೆಗೆಯದೆ ಬರೀ ಮರೆ ಮಾಡಿದ್ರೆ, ಅದರಲ್ಲಿ ನೀವು ಹಾಕಿದ್ದ ಟಿಕ್ ಹಾಗೇ ಉಳಿದು ಸಬ್‌ಮಿಟ್ ಆಗಿಬಿಡುತ್ತೆ. ಕಾಣಲ್ಲ, ಆದ್ರೆ ಲೆಕ್ಕಕ್ಕಿದೆ. ದೆವ್ವ ಇದ್ದ ಹಾಗೆ.

ನಾವೆಲ್ಲ ಬಳಸೋ ಗೂಗಲ್ ಫಾರ್ಮ್ಸ್‌ನಲ್ಲೂ ಹುಷಾರು. ಒಬ್ಬರು ಹಾಕಿದ ಎಲ್ಲಾ ಟಿಕ್‌ಗಳೂ ಶೀಟ್‌ನಲ್ಲಿ ಒಂದೇ ಸೆಲ್‌ಗೆ ಕಾಮಾ ಹಾಕಿಕೊಂಡು ಬರ್ತವೆ. "ಇಡ್ಲಿ, ಸಾಂಬಾರ್" ಅಂತ ಆಯ್ಕೆಯ ಹೆಸರಲ್ಲೇ ಕಾಮಾ ಇದ್ರೆ ಆಮೇಲೆ ಬಿಡಿಸಿ ಎಣಿಸೋದು ತಲೆನೋವು. ಫೆಸ್ಟ್ ಕಮಿಟಿಯವರು ಇದನ್ನ ಸೇವ್ ಮಾಡಿ ಇಟ್ಕೊಳ್ಳಿ.

(ಕೊನೇ ಪೋಸ್ಟ್)

ನಮ್ಮ ಬಿಸಿಎ ಗೆಳೆಯರು ಹೇಳೋದು, "ಯೂಸರ್ ಒಂದ್ಸಲ ನೋಡಿ ಸಬ್‌ಮಿಟ್ ಮಾಡ್ಬೇಕಪ್ಪ, ಎಲ್ಲಾ ನಾವೇ ನೋಡ್ಕೊಳ್ಳೋಕಾಗುತ್ತಾ?" ಒಪ್ಪಲ್ಲ ನಾನು. 2023ರ ನವೆಂಬರ್‌ನಲ್ಲಿ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ಡಾರ್ಕ್ ಪ್ಯಾಟರ್ನ್‌ಗಳ ಬಗ್ಗೆ ಮಾರ್ಗಸೂಚಿ ತಂತು. ಅದರಲ್ಲಿ ಪಟ್ಟಿ ಮಾಡಿರೋ 13ರಲ್ಲಿ ಒಂದು ಬ್ಯಾಸ್ಕೆಟ್ ಸ್ನೀಕಿಂಗ್: ದುಡ್ಡು ಕಟ್ಟೋ ಹೊತ್ತಲ್ಲಿ ನಮ್ಮ ಒಪ್ಪಿಗೆ ಇಲ್ಲದೆ ಬುಟ್ಟಿಗೆ ಇನ್ನೊಂದು ಐಟಂ ಸೇರಿಸೋದು. ಅಲ್ಲಿ "ಗ್ರಾಹಕ ನೋಡ್ಕೋಬೇಕಿತ್ತು" ಅಂತ ಯಾರೂ ಹೇಳ್ಲಿಲ್ಲ. ಕೇಳದೇ ಟಿಕ್ ಸೇರಿಸೋದು ತಪ್ಪು ಅಂದ್ಮೇಲೆ, ಹಾಕಿದ ಟಿಕ್ ಹೇಳದೇ ಕೇಳದೇ ತೆಗೆಯೋದು ಮಾತ್ರ "ಟೆಕ್ನಿಕಲ್ ಇಶ್ಯೂ" ಹೇಗಾಗುತ್ತೆ? ಮೊದಲನೇದರಲ್ಲಿ ಉದ್ದೇಶ ಇದೆ, ಎರಡನೇದರಲ್ಲಿ ಉಡಾಫೆ, ಸರಿ. ನಷ್ಟ ಆಗೋದು ಮಾತ್ರ ಎರಡರಲ್ಲೂ ನಮಗೇ.

ಮಾಡೋಕೆ ಆಗುತ್ತೆ ಅನ್ನೋದಕ್ಕೆ ಜೀಮೇಲ್ ತೆಗೆದು ನೋಡಿ. ಲ್ಯಾಪ್‌ಟಾಪ್‌ನಲ್ಲಿ ಎಲ್ಲಾ ಮೇಲ್‌ಗೂ ಟಿಕ್ ಹಾಕೋ ಬಾಕ್ಸ್ ಒತ್ತಿದ್ರೆ, ಈ ಪುಟದಲ್ಲಿರೋ ಇಷ್ಟು ಮಾತ್ರ ಆಯ್ಕೆ ಆಗಿದೆ ಅಂತ ಹೇಳಿ, ಉಳಿದವೂ ಬೇಕಾ ಅಂತ ಬೇರೆ ಕೊಂಡಿ ಕೊಡುತ್ತೆ. ತನಗೆ ಅರ್ಥವಾಗಿದ್ದನ್ನ ಬಾಯಿಬಿಟ್ಟು ಹೇಳುತ್ತೆ.

ಕಾಲೇಜ್ ಫಾರ್ಮ್‌ಗಳಿಂದ ನಾನು ಕೇಳೋದೂ ಅದನ್ನೇ. ಮೇಲಿನ ಆಯ್ಕೆ ಬದಲಿಸಿದ್ರೆ "ನೀವು ಹಾಕಿದ್ದ ಎರಡು ಟಿಕ್ ಹೋಗುತ್ತೆ, ಸರೀನಾ?" ಅಂತ ಕೇಳ್ಲಿ. ಒಂದೂ ಟಿಕ್ ಇಲ್ದೆ ಬಂದ ಫಾರ್ಮನ್ನ ಸ್ವೀಕರಿಸೋ ಬದಲು ವಾಪಸ್ ಕಳಿಸ್ಲಿ. ನಾವು ತುಂಬ್ತಾ ಇರೋವಾಗ ಒಂದು ಪೇಪರ್‌ನ ಸೀಟು ಮುಗಿದ್ರೆ, ಉಳಿದ ಟಿಕ್ ಹಾಗೇ ಇಟ್ಟು ಅದೊಂದನ್ನ ಮಾತ್ರ ಮತ್ತೆ ಕೇಳ್ಲಿ. ಸಬ್‌ಮಿಟ್‌ಗೆ ಮುಂಚೆ ಆಯ್ಕೆಗಳ ಹೆಸರು ಪೂರ್ತಿ ತೋರಿಸ್ಲಿ, ಅದರ ಒಂದು ಪ್ರತಿ ನಮ್ಮ ಮೇಲ್‌ಗೂ ಬರ್ಲಿ. ಅಂಗಡೀಲಿ ಹತ್ತು ರೂಪಾಯಿ ಪೆನ್ ತಗೊಂಡ್ರೂ ಬಿಲ್ ಕೇಳಿ ಅಂತ ನಮಗೆ ಪಾಠ ಮಾಡ್ತಾರೆ.

ಎಲೆಕ್ಟಿವ್ ಫಾರ್ಮ್ ಓಪನ್ ಆದಾಗ ಜೂನಿಯರ್ಸ್ ಒಂದು ಕೆಲಸ ಮಾಡಿ: ಎಲ್ಲಾ ತುಂಬಿದ ಮೇಲೆ ಮತ್ತೆ ಮೇಲಕ್ಕೆ ಸ್ಕ್ರೋಲ್ ಮಾಡಿ, ಟಿಕ್ ಇರೋದು ಕಾಣೋ ಹಾಗೆ ಸ್ಕ್ರೀನ್‌ಶಾಟ್ ತೆಗೀರಿ, ಆಮೇಲೆ ಸಬ್‌ಮಿಟ್. ಯಾರ ಟಿಕ್ಕಾದ್ರೂ ಹಾರಿಹೋದ್ರೆ ಆ ಸ್ಕ್ರೀನ್‌ಶಾಟ್ ನನಗೆ ಕಳಿಸಿ. ಎಲ್ಲಾ ಒಟ್ಟು ಮಾಡಿ ಪ್ರಿಂಟ್ ತಗೊಂಡು ಆಫೀಸಿಗೆ ಹೋಗೋಣ, ನಾನೂ ಬರ್ತೀನಿ.

#ಬಿಕಾಂಬದುಕು #ಟಿಕ್‌ಲೆಕ್ಕ #ಕನ್ನಡದಲ್ಲಿ