ಗಾಜಿನ ತೊಟ್ಟಿಯ ಕಡಲಿಗೆ ಹಿಂಡುಮೀನು

ಭದ್ರಾವತಿಯ ವಾಚಕ ಮಹಾಶಯರೊಬ್ಬರು ಬರೆದ ಪತ್ರವು ಈ ತಿಂಗಳು ನಮ್ಮ ಮುಂದಿದೆ. ಅವರ ಮನೆಯಲ್ಲಿ ಸಿಹಿನೀರಿನ ಮೀನುತೊಟ್ಟಿಯೊಂದು ಮೂರು ವರ್ಷಗಳಿಂದ ಕ್ಷೇಮವಾಗಿ ನಡೆದುಬಂದಿದೆಯಂತೆ. ಈಗ ಮೊಮ್ಮಗನಿಗೆ ಕಡಲಿನ ಮೀನೇ ಆಗಬೇಕು. ಅದೂ ಒಂಟಿ ಮೀನಲ್ಲ, ಹತ್ತು ಮೀನುಗಳು ಒಟ್ಟಿಗೆ ತಿರುಗಿ ಒಟ್ಟಿಗೆ ಹೊಳೆಯಬೇಕೆಂದು ಹಟ. ಮನೆಯ ಹಿರಿಯ ತಾಯಿಯವರ ಆಕ್ಷೇಪಣೆ ಬೇರೆ: "ಸಮುದ್ರದಲ್ಲಿ ಸುಖವಾಗಿದ್ದ ಪ್ರಾಣಿಗಳನ್ನು ಘಟ್ಟ ಹತ್ತಿಸಿ ತಂದು, ವಾರಕ್ಕೊಂದರಂತೆ ಹಿತ್ತಲಲ್ಲಿ ಹೂಳುವುದಾದರೆ ಅದು ನನ್ನ ಕಣ್ಣೆದುರಿಗೆ ನಡೆಯಕೂಡದು." ಇಬ್ಬರ ಮಾತೂ ನಡೆಯುವಂತೆ ಯಾವ ಮೀನನ್ನು ತರಬೇಕು ಎಂಬುದು ಪ್ರಶ್ನೆ.

ಆ ತಾಯಿಯವರು ಮೀನುಶಾಸ್ತ್ರವನ್ನು ಓದಿದವರೋ ಇಲ್ಲವೋ ತಿಳಿಯದು. ಆದರೆ ಅವರ ಶಂಕೆಯು ತಕ್ಕದ್ದೇ ಆಗಿದೆ. ಅಂಗಡಿಯ ತೊಟ್ಟಿಯಲ್ಲಿ ನಲವತ್ತು ಮೀನುಗಳು ಒಂದೇ ಮೈಯಂತೆ ಚಲಿಸುವುದನ್ನು ಕಂಡು ಮರುಳಾಗಿ ಹತ್ತನ್ನು ಮನೆಗೆ ತಂದವರು, ವರ್ಷ ತಿರುಗುವುದರೊಳಗೆ ಒಂದನ್ನೋ ಎರಡನ್ನೋ ನೋಡುತ್ತ ಕುಳಿತಿರುವುದು ಅಪೂರ್ವವೇನಲ್ಲ. ಇದಕ್ಕೆ ಕಾರಣವನ್ನು ಅರಿಯಬೇಕಾದರೆ ಹಿಂಡೆಂಬುದು ಏತಕ್ಕೆ ಏರ್ಪಟ್ಟಿತೆಂಬುದನ್ನು ನೋಡಬೇಕು.

ನಮ್ಮ ಕರಾವಳಿಯ ಬೂತಾಯಿ, ಬಂಗುಡೆಗಳು ನಿಜವಾದ ಹಿಂಡುಮೀನುಗಳು. ಹಿಂದೆ ರಂಪಣಿ ಬಲೆಯನ್ನು ಬೀಸಿ ನೂರಾರು ಜನ ದಡದಿಂದ ಎಳೆಯುತ್ತಿದ್ದಾಗ ಒಂದೊಂದು ಹಿಂಡೂ ಇಡಿಯಾಗಿ ಸಿಕ್ಕುತ್ತಿದ್ದಿತು. ಇವು ಹುಟ್ಟಿದಂದಿನಿಂದ ಸಾಯುವವರೆಗೂ ಸಾಲುಗಟ್ಟಿ ಸಂಚರಿಸತಕ್ಕವು. ಇವುಗಳಿಗೆ ಮನೆಯ ತೊಟ್ಟಿ ಎಂದೂ ಸಾಲದು. ಬಣ್ಣದ ಹವಳಮೀನುಗಳ ಸಂಗತಿ ಹೀಗಲ್ಲ. ಅವು ಕೂಡುವುದು ಭಯದಿಂದ. ಮೈಯ ಇಬ್ಬದಿಯಲ್ಲಿರುವ ಪಾರ್ಶ್ವರೇಖೆಯೆಂಬ ಇಂದ್ರಿಯದಿಂದ ನೆರೆಯ ಮೀನಿನ ಚಲನೆಯನ್ನು ನೀರಿನ ಒತ್ತಡದಲ್ಲಿಯೇ ಅರಿತು, ಶತ್ರು ಸುಳಿದೊಡನೆ ಒಂದಾಗುತ್ತವೆ. ಶತ್ರು ಹೋದ ಬಳಿಕ ಚೆದರಿ ಮೇಯುತ್ತವೆ. ಅಂಗಡಿಯಲ್ಲಿ ಅವು ಒತ್ತಾಗಿ ನಿಂತಿದ್ದುದು ಹೊಸ ಜಾಗದ ಹೆದರಿಕೆಯಿಂದ. ಮನೆಯ ತೊಟ್ಟಿಯಲ್ಲಿ ಹೊಟ್ಟೆ ತುಂಬಿ, ಹೆದರಿಕೆ ಕಳೆದು, ತಿಂಗಳೆರಡಾದ ಮೇಲೆ ಒಗ್ಗಟ್ಟಿಗೆ ಕಾರಣವೇ ಉಳಿಯುವುದಿಲ್ಲ. ಆಗ ಜಾಗದ ಜಗಳ ಮೊದಲಾಗುತ್ತದೆ. ದೊಡ್ಡ ಮೀನು ಚಿಕ್ಕ ಮೀನನ್ನು ನುಂಗುವುದನ್ನು ನಮ್ಮ ನೀತಿಶಾಸ್ತ್ರಕಾರರು ಮತ್ಸ್ಯನ್ಯಾಯವೆಂದು ಕರೆದರು. ಸಮಾನ ಗಾತ್ರದ ಮೀನುಗಳು ನುಂಗದೆಯೇ, ಬರಿಯ ಅಟ್ಟಾಟದಿಂದ ಒಂದನ್ನೊಂದು ಕೊಲ್ಲುವ ಈ ಎರಡನೆಯ ನ್ಯಾಯಕ್ಕೆ ಅವರು ಹೆಸರಿಡಲಿಲ್ಲ.

ಹಸಿರು ಕ್ರೋಮಿಸ್ ಎಂಬ ಮೀನು ಇದಕ್ಕೆ ಸರಿಯಾದ ಉದಾಹರಣೆ. ಲಕ್ಷದ್ವೀಪದ ಹವಳದಿಬ್ಬಗಳಲ್ಲಿಯೂ ಇದು ಉಂಟು, ಎಳೆ ಬಾಳೆಯೆಲೆಯ ಮೇಲೆ ನೀಲಿಯನ್ನು ಸವರಿದಂಥ ಬಣ್ಣ, ಬೆಲೆಯೂ ಕಡಿಮೆ. ಅಂಗಡಿಯವರು ಮೊದಲು ತೋರಿಸುವುದು ಇದನ್ನೇ. ಶಿವಮೊಗ್ಗೆಯಲ್ಲಿ ನಮ್ಮ ಹಳೆಯ ಶಿಷ್ಯನೊಬ್ಬನು ಒಂಬತ್ತನ್ನು ತಂದು ಬಿಟ್ಟನು. ಪ್ರತಿ ತಿಂಗಳೂ ಅತ್ಯಂತ ಕೃಶವಾದದ್ದೊಂದು ಮೂಲೆ ಸೇರುವುದು, ಬಾಲ ಹರಿದಿರುವುದು, ಬೆಳಗಾಗುವಷ್ಟರಲ್ಲಿ ಸತ್ತಿರುವುದು. ಅದು ಹೋದೊಡನೆ ಮುಂದಿನ ದುರ್ಬಲನ ಸರದಿ. ಎಂಟು ತಿಂಗಳಲ್ಲಿ ಒಂದು ಉಳಿಯಿತು. ಅದು ಈಗಲೂ ಬಹಳ ಆರೋಗ್ಯವಾಗಿದೆ! ಈ ಜಾತಿಗೆ ಯುರೊನೀಮಾ ಎಂಬ ಸೂಕ್ಷ್ಮಜೀವಿಯ ಕಾಟವೂ ಹೆಚ್ಚು. ಕೊಳ್ಳುವಾಗ ಮೈಯ ಪಕ್ಕದಲ್ಲಿ ಕೆಂಪು ಹುಣ್ಣು ಒಂದರ ಮೇಲೆ ಕಂಡರೂ ಆ ತೊಟ್ಟಿಯ ಯಾವ ಮೀನನ್ನೂ ಮುಟ್ಟದಿರುವುದು ಲೇಸು.

ಆಂಥಿಯಸ್ ಎಂಬ ಕಿತ್ತಳೆಬಣ್ಣದ ಮೀನು ಇದಕ್ಕಿಂತಲೂ ಸುಂದರ. ಒಂದು ಗಂಡು, ಅದರ ಸುತ್ತ ಹಲವು ಹೆಣ್ಣುಗಳು. ಗಂಡು ಸತ್ತರೆ ಹೆಣ್ಣುಗಳಲ್ಲಿ ದೊಡ್ಡದೇ ಕೆಲವು ವಾರಗಳಲ್ಲಿ ಗಂಡಾಗಿ ಮಾರ್ಪಡುತ್ತದೆ. ಮೋಹಿನಿಯ ಕಥೆಯನ್ನು ತಲೆಕೆಳಗು ಮಾಡಿದಂತಿರುವ ಈ ವಿಚಿತ್ರವನ್ನು ಮೊಮ್ಮಗನಿಗೆ ಹೇಳಬಹುದು. ಮೀನನ್ನು ಮಾತ್ರ ತರಬಾರದು. ದಿನಕ್ಕೆ ಮೂರು ನಾಲ್ಕು ಸಲ ಆಹಾರ ಬೀಳದಿದ್ದರೆ ಇದು ಸೊರಗುತ್ತದೆ; ಗೃಹಸ್ಥರ ಮನೆಯಲ್ಲಿ ಮದುವೆ, ಮುಂಜಿ, ಪ್ರಯಾಣಗಳು ತಪ್ಪಿದ್ದಲ್ಲವಷ್ಟೆ. ಪಟ್ಟೆಗಳುಳ್ಳ ಕಡಲ ಕೆಳೆಮೀನಿನ ಮರಿಗಳೂ ಚೆಂಡಿನಂತೆ ಒತ್ತಾಗಿ ಉರುಳುತ್ತ ಸಾಗುವುದರಿಂದ ಮಕ್ಕಳ ಕಣ್ಣನ್ನು ಸೆಳೆಯುತ್ತವೆ. ಅವು ಬೆಳೆದು ಗೇಣುದ್ದವನ್ನು ಮೀರುತ್ತವೆ, ಆಗ ಹಿಂಡನ್ನು ತೊರೆಯುತ್ತವೆ, ಮತ್ತು ರೆಕ್ಕೆಯ ಮುಳ್ಳುಗಳಲ್ಲಿ ಘೋರವಾದ ವಿಷವಿದೆ. ಮಕ್ಕಳಿರುವ ಮನೆಯಲ್ಲಿ ಅದರ ಹೆಸರನ್ನೇ ಎತ್ತಕೂಡದು.

ಹಾಗಾದರೆ ತರತಕ್ಕದ್ದು ಯಾವುದು? ಕಾರ್ಡಿನಲ್ ಮೀನುಗಳೆಂಬ ಒಂದು ಕುಲವಿದೆ. ಇವುಗಳಲ್ಲಿ ಗಂಡು ಮೊಟ್ಟೆಗಳನ್ನು ಬಾಯಲ್ಲಿಟ್ಟುಕೊಂಡು ಉಪವಾಸವಿದ್ದು ಕಾಯುತ್ತದೆ. ಇಂಡೋನೇಷ್ಯದ ಬಂಗಾಯಿ ದ್ವೀಪಗಳ ಜಾತಿಯು ಹೆಸರಾದದ್ದು. ಅತಿಯಾಗಿ ಹಿಡಿದುದರಿಂದ 2007ರಲ್ಲಿ ಅದನ್ನು ಅಳಿವಿನಂಚಿನ ಪ್ರಾಣಿಗಳ ಅಂತರರಾಷ್ಟ್ರೀಯ ಪಟ್ಟಿಗೆ ಸೇರಿಸಿದರು. ಅದರಲ್ಲಿಯೂ ಒಂದು ಜೋಡಿ ಕೂಡಿತೆಂದರೆ ಉಳಿದವುಗಳಿಗೆ ಉಳಿಗಾಲವಿಲ್ಲ. ಅದರ ದಾಯಾದಿಯಾದ ಪೈಜಾಮಾ ಕಾರ್ಡಿನಲ್ ಸಾಧುಪ್ರಾಣಿ. ಮುಖ ಹಳದಿ, ಕಣ್ಣು ಕೆಂಪು, ನಡುವಿಗೆ ಕರಿಯ ಪಟ್ಟಿ, ಹಿಂಭಾಗದಲ್ಲಿ ಚುಕ್ಕೆ. ಮೇಲಂಗಿಗೂ ಚಲ್ಲಣಕ್ಕೂ ಹೊಂದಿಕೆಯಿಲ್ಲದ ಹುಡುಗನಂತೆ ಕಾಣುತ್ತದೆ. ಎಂಟು ಸೆಂಟಿಮೀಟರಿಗಿಂತ ಬೆಳೆಯುವುದು ಅಪರೂಪ. ಮಿಂಚಿನಂತೆ ಓಡುವುದಿಲ್ಲ, ಹಗಲೆಲ್ಲ ಒಂದೆಡೆಯಲ್ಲಿ ಗುಂಪಾಗಿ ತೇಲುತ್ತ ನಿಲ್ಲುತ್ತದೆ, ಸಂಜೆಯಾದ ಮೇಲೆ ಚುರುಕಾಗುತ್ತದೆ. ಮೊಮ್ಮಗನ ಆಸೆ ಪೂರ್ಣವಾಗದಿದ್ದರೂ, ಅಜ್ಜಿಯವರ ಹಿತ್ತಲು ಬಹುಮಟ್ಟಿಗೆ ಬರಿದಾಗಿಯೇ ಉಳಿಯುವುದು.

ನಾಲ್ಕು ಅಡಿ ಉದ್ದ, ಒಂದೂವರೆ ಅಡಿ ಅಗಲ, ಅಷ್ಟೇ ಎತ್ತರದ ತೊಟ್ಟಿಗೆ ಐದು ಸಾಕು, ಏಳನ್ನು ಮೀರಬಾರದು. ಒಂದೇ ಗಾತ್ರದವುಗಳನ್ನು ಒಂದೇ ದಿನ ಬಿಡಬೇಕು. ಇಂದು ಎರಡು, ಮುಂದಿನ ತಿಂಗಳು ಮೂರು ಎಂದರೆ ಮೊದಲು ಬಂದವು ಮನೆಯೊಡೆಯರಾಗಿಬಿಡುತ್ತವೆ. ಬೆಲೆ ಹೆಚ್ಚಾದರೂ ತೊಟ್ಟಿಯಲ್ಲಿಯೇ ಹುಟ್ಟಿ ಬೆಳೆದ ಮರಿಗಳನ್ನು ಕೇಳಿ ಪಡೆಯಬೇಕು. ಫಿಲಿಪೀನ್ಸ್ ಮೊದಲಾದ ಕಡೆಗಳಲ್ಲಿ ಸಯನೈಡ್ ಚಿಮ್ಮಿಸಿ ಮೀನನ್ನು ಮೂರ್ಛೆಗೊಳಿಸಿ ಹಿಡಿಯುವ ಪಾಪಕಾರ್ಯ 1960ರ ದಶಕದಿಂದ ನಡೆದುಬಂದಿದೆ. ಹಾಗೆ ಬಂದ ಮೀನು ನೋಟಕ್ಕೆ ಚೆನ್ನಾಗಿದ್ದು ಕೆಲವು ವಾರಗಳಲ್ಲಿ ಸಾಯಬಹುದು. ನಮ್ಮ ದೇಶದಲ್ಲಿಯೂ ಕೇಂದ್ರೀಯ ಸಮುದ್ರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯವರು ಕ್ಲೌನ್ ಮೀನುಗಳನ್ನೂ ಹಲವು ಡ್ಯಾಮ್ಸೆಲ್ ಮೀನುಗಳನ್ನೂ ತೊಟ್ಟಿಯಲ್ಲಿ ಮರಿಮಾಡಿಸುವ ವಿಧಾನವನ್ನು ಸಾಧಿಸಿದ್ದಾರೆ.

ಇನ್ನು ನೀರು. ಗಂಗಾಸ್ನಾನ, ತುಂಗಾಪಾನವೆಂಬ ಲೋಕೋಕ್ತಿ ಮನುಷ್ಯರಿಗೆ ಹೇಳಿದ್ದು. ತುಂಗೆಯ ನೀರಾಗಲಿ ಭದ್ರೆಯ ನೀರಾಗಲಿ ನಲ್ಲಿಗೆ ಬರುವಾಗ ಕ್ಲೋರಿನ್ ಸೇರಿರುತ್ತದೆ. ಶುದ್ಧೀಕರಣ ಯಂತ್ರದಿಂದ ಸೋಸಿದ ನೀರನ್ನೇ ಬಳಸಬೇಕು. ಮೇಲೆ ಹೇಳಿದ ತೊಟ್ಟಿ ಸುಮಾರು 250 ಲೀಟರ್ ಹಿಡಿಯುತ್ತದೆ. ಕಡಲಿನ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಲವಣವಿರುವುದರಿಂದ ಮೊದಲ ಸಲಕ್ಕೇ ಎಂಟೂಮುಕ್ಕಾಲು ಕಿಲೋಗ್ರಾಂ ಲವಣ ಬೇಕು. ಅಡಿಗೆಯ ಉಪ್ಪು ಆಗದು. ಮೆಗ್ನೀಸಿಯಂ, ಕ್ಯಾಲ್ಸಿಯಂ ಮೊದಲಾದವು ಸೇರಿದ ಅಕ್ವೇರಿಯಂ ಲವಣವನ್ನೇ ಕೊಳ್ಳಬೇಕು. ಮಲ್ಪೆಯಿಂದ ಡಬ್ಬಿಗಳಲ್ಲಿ ಕಡಲನ್ನೇ ಆಗುಂಬೆ ಘಟ್ಟ ಹತ್ತಿಸುವ ಸಾಹಸವನ್ನು ಕೆಲವರು ಯೋಚಿಸುವುದುಂಟು. ಮಳೆಗಾಲದಲ್ಲಿ ಹೊಳೆಗಳ ನೀರು ಸೇರಿ ದಡದ ಕಡಲು ಸಪ್ಪೆಯಾಗಿರುತ್ತದೆ, ಉಳಿದ ಕಾಲದಲ್ಲಿ ದೋಣಿಗಳ ಎಣ್ಣೆ. ಬೇಸಗೆಯಲ್ಲಿ ನೀರು ಆರಿದಾಗ ಉಪ್ಪು ಆರುವುದಿಲ್ಲವೆಂಬುದನ್ನು ನೆನಪಿಟ್ಟು, ಕೊರತೆಯನ್ನು ಉಪ್ಪಿಲ್ಲದ ಸೋಸಿದ ನೀರಿನಿಂದಲೇ ತುಂಬತಕ್ಕದ್ದು. ಬರಿಯ ನೀರಿನ ತೂಕವೇ 250 ಕಿಲೋಗ್ರಾಂ. ಹಳೆಯ ಮನೆಯ ಮರದ ಉಪ್ಪರಿಗೆಯ ಮೇಲೆ ಇಡುವ ಮಾತೇ ಬೇಡ.

ನೀರು ತುಂಬಿದ ದಿನವೇ ಮೀನನ್ನು ಬಿಟ್ಟರೆ ಅದು ತನ್ನ ಮಲದಿಂದುಂಟಾದ ಅಮೋನಿಯದಿಂದಲೇ ಸಾಯುವುದು. ಆ ವಿಷವನ್ನು ನೈಟ್ರೈಟಾಗಿಯೂ ಅನಂತರ ನೈಟ್ರೇಟಾಗಿಯೂ ಮಾರ್ಪಡಿಸುವ ಸೂಕ್ಷ್ಮಜೀವಿಗಳು ಕಲ್ಲುಗಳಲ್ಲಿ ನೆಲಸಲು ನಾಲ್ಕರಿಂದ ಆರು ವಾರ ಬೇಕು. ಹುಡುಗನಿಗೆ ಈ ಅವಧಿ ಕಷ್ಟಕರ. ಪರೀಕ್ಷಾದ್ರವವನ್ನು ಅವನ ಕೈಗೇ ಕೊಟ್ಟು, ದಿನದ ಬಣ್ಣವನ್ನು ಪುಸ್ತಕದಲ್ಲಿ ಬರೆಯಿಸಿರಿ. ಮಲೆನಾಡಿನ ಮಳೆಗಾಲದಲ್ಲಿ ವಿದ್ಯುತ್ತು ಹೋಗುವುದು ಹೊಸದಲ್ಲ. ಉಪ್ಪುನೀರಿನಲ್ಲಿ ಕರಗುವ ಆಮ್ಲಜನಕವು ಸಿಹಿನೀರಿನಲ್ಲಿ ಕರಗುವುದಕ್ಕಿಂತ ಕಡಿಮೆ. ಬ್ಯಾಟರಿಯಿಂದ ನಡೆಯುವ ಗಾಳಿಯಂತ್ರವೊಂದು ಮೀನಿಗಿಂತ ಮೊದಲು ಮನೆಗೆ ಬರಲಿ.

ಪತ್ರದಲ್ಲಿ ಕೇಳದಿರುವ ಒಂದು ವಿಷಯವನ್ನೂ ಹೇಳಬೇಕಾಗಿದೆ. ಪೈಜಾಮಾ ಕಾರ್ಡಿನಲ್ ಮಾಂಸಾಹಾರಿ. ಒಣ ಗುಳಿಗೆಗಳನ್ನು ರೂಢಿ ಮಾಡಿಸಬಹುದಾದರೂ ಅವುಗಳಲ್ಲಿಯೂ ಮೀನಿನ ಹಿಟ್ಟೇ ಇರುತ್ತದೆ; ಆರಂಭದಲ್ಲಂತೂ ಹೆಪ್ಪುಗಟ್ಟಿಸಿದ ಸಣ್ಣ ಸಿಗಡಿಯನ್ನು ಶೀತಪೆಟ್ಟಿಗೆಯ ಮೇಲ್ಗೂಡಿನಲ್ಲಿ ಇಡಬೇಕಾಗುವುದು. ಕಲ್ಯಾಣದ ಚಾಲುಕ್ಯ ಸೋಮೇಶ್ವರನು ಮಾನಸೋಲ್ಲಾಸದಲ್ಲಿ ಮೀನುಗಳ ಆಹಾರವನ್ನು ವಿಸ್ತಾರವಾಗಿ ಹೇಳಿದ್ದಾನೆ. ಆದರೆ ಅದು ಗಾಳ ಹಾಕುವವನ ವಿನೋದ, ಅರಮನೆಯ ಅಡಿಗೆಮನೆಯ ಮಡಿಯ ಚಿಂತೆ ಅಲ್ಲಿಲ್ಲ. ಶಾಕಾಹಾರಿಗಳ ಮನೆಯಾದರೆ ತೊಟ್ಟಿಗೆ ಮುಂಗಡ ಕೊಡುವ ಮೊದಲೇ ಆ ತಾಯಿಯವರನ್ನೂ ಗೃಹಿಣಿಯನ್ನೂ ಕೂಡಿಸಿಕೊಂಡು ಈ ಮಾತನ್ನು ತೀರ್ಮಾನಿಸಿರಿ. ಒಪ್ಪದಿದ್ದರೆ ಈಗಿರುವ ಸಿಹಿನೀರಿನ ತೊಟ್ಟಿಯಲ್ಲಿಯೇ ನಮ್ಮ ಹೊಳೆಗಳ ಸಣ್ಣ ಮೀನುಗಳ ಹಿಂಡನ್ನು ಬೆಳೆಸುವುದು ಮೇಲು.

ಮೀನಿಗೆ ನಿದ್ರೆಯುಂಟೇ ಎಂದು ಹುಡುಗನು ಪತ್ರದ ಕೊನೆಯಲ್ಲಿ ತಾನೇ ಬರೆದು ಸೇರಿಸಿದ್ದಾನೆ. ಉಂಟು, ಮಗು. ರೆಪ್ಪೆಯಿಲ್ಲದ ಕಾರಣ ಸಂಸ್ಕೃತದಲ್ಲಿ ದೇವತೆಗಳನ್ನು ಕರೆಯುವಂತೆ ಅದನ್ನೂ ಅನಿಮಿಷವೆಂದು ಕರೆದರು. ಆದರೂ ಅದು ವಿಶ್ರಮಿಸುತ್ತದೆ. ಕ್ರೋಮಿಸ್ ಕತ್ತಲಾದೊಡನೆ ಹವಳದ ಕೊಂಬೆಗಳೊಳಗೆ ಅಡಗುವುದು. ನಿನ್ನ ಪೈಜಾಮಾ ಮೀನು ಹಗಲು ತೂಕಡಿಸಿ ರಾತ್ರಿ ಎಚ್ಚರವಾಗಿರುವುದು. ಆದುದರಿಂದ ಸಂಜೆಯ ಆಹಾರವನ್ನು ದೀಪ ಆರಿಸುವುದಕ್ಕೆ ಅರ್ಧ ಗಂಟೆ ಮೊದಲು ಹಾಕು; ಆಮೇಲೆ ಬ್ಯಾಟರಿ ದೀಪ ಬಿಟ್ಟು ನೋಡಬೇಡ.