ಪರವಾನಗಿ ಕೋವಿಗೆ, ಬೇಟೆಗಲ್ಲ

ಕಳೆದ ರವಿವಾರ ಇದೇ ಪುರವಣಿಯಲ್ಲಿ, ಕೇಪಿನ ಕೋವಿಗೆಂಥ ಕಾನೂನು, ಬೋರಿವಲಿ ಕಾಡಿನಂಚಿನವರು ಹಂದಿಗೆ ಒಂದು ಈಡು ಹೊಡೆದರೆ ತಪ್ಪೇನು ಎಂದು ಕೇಳಿದವರು ಊರಿನ ನೆನಪಿನಲ್ಲಿ ಬರೆದಿದ್ದಾರೆ, ಕಾಯ್ದೆ ನೋಡಿ ಅಲ್ಲ.

ಆ ಕೋವಿ ನನಗೂ ಗೊತ್ತು. ನಳಿಗೆಯ ಬಾಯಿಗೆ ಮದ್ದು ಸುರಿದು, ತೆಂಗಿನ ನಾರು ತುರುಕಿ, ಸಲಾಕೆಯಿಂದ ಜಡಿದು, ಚರೆ ಹಾಕಿ, ಕೊನೆಗೆ ಕೇಪು ಕೂರಿಸುವಷ್ಟರಲ್ಲಿ ಹಂದಿ ಗೆಣಸು ಮುಗಿಸಿ ಹೋಗಿರುತ್ತಿತ್ತು. ಆದರೂ ಅದು ಕೋವಿಯೇ. 1959ರ ಆಯುಧ ಕಾಯ್ದೆಯ 13ನೇ ಕಲಮು ಬೆಳೆ ರಕ್ಷಣೆಯ ಮಾತು ಬಂದಾಗ ಅದನ್ನು ಹೆಸರಿಸಿಯೇ ಹೇಳುತ್ತದೆ. ಆದರೆ ಪರವಾನಗಿ ಇಟ್ಟುಕೊಳ್ಳಲಿಕ್ಕೆ, ಕಾಡುಪ್ರಾಣಿ ಕೊಲ್ಲಲಿಕ್ಕಲ್ಲ. 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಬೆಳೆಗೆ ಕಂಟಕವಾದ ಹಂದಿಯನ್ನೂ ಅಧಿಕಾರಿಯ ಲಿಖಿತ ಆದೇಶವಿಲ್ಲದೆ ಮುಟ್ಟುವಂತಿಲ್ಲ. ಪರವಾನಗಿಯಿಂದಲೇ ವಿನಾಯಿತಿ ಪಡೆದ ಕೊಡವರಿಗೂ ಇದೇ ನಿಯಮ.

ಲೇಖಕರು ಪೂರಾ ಮರೆತದ್ದು ಅದೇ ವನ್ಯಜೀವಿ ಕಾಯ್ದೆಯ 34ನೇ ಕಲಮು. ರಾಷ್ಟ್ರೀಯ ಉದ್ಯಾನದಿಂದ 10 ಕಿಲೋಮೀಟರ್ ಒಳಗಿರುವ ಪರವಾನಗಿದಾರ ವನ್ಯಜೀವಿ ಅಧಿಕಾರಿಯಲ್ಲಿ ಹೆಸರು ನೋಂದಾಯಿಸಬೇಕು. ಹೊಸ ಪರವಾನಗಿಗೆ ಮುಖ್ಯ ವನ್ಯಜೀವಿ ಪರಿಪಾಲಕರ ಪೂರ್ವಸಮ್ಮತಿ ಬೇಕು. ಬೋರಿವಲಿ ಕಾಡೆಂದರೆ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನವೇ; ಅದರ ಸುತ್ತ ಆ ಗೆರೆ ಎಳೆದು ನೋಡಿ: ಬೋರಿವಲಿ, ಗೋರೆಗಾಂವ್, ಭಾಂಡುಪ್, ಮುಲುಂಡ್ ಎಲ್ಲ ಒಳಗೇ. ಮಲಾಡಿನ ಫ್ಲಾಟಿನಲ್ಲಿ ಅಜ್ಜನ ಕೋವಿಯನ್ನು ಪರವಾನಗಿಯ ಮೇಲೆ ಇಟ್ಟುಕೊಂಡವರೂ ಲೆಕ್ಕಕ್ಕೆ ಬರುತ್ತಾರೆ.

ಇನ್ನು ಆ "ಒಂದು ಈಡು" ಉದ್ಯಾನದ ಗಡಿಯೊಳಗೆ ಹಾರಿದರೆ, ಕನಿಷ್ಠ 3 ವರ್ಷ ಸೆರೆ.